ಘಾಟಿ ಇಳಿಯುವ ಮುನ್ನ ಸ್ಟೆಪ್ನಿ ಮುಟ್ಟಿ ನೋಡಿ

ದೂರದ ಪ್ರಯಾಣದಲ್ಲಿ ಮೋಸ ಮಾಡುವುದರಲ್ಲಿ ಸ್ಟೆಪ್ನಿಯದೇ ಎತ್ತಿದ ಕೈ. ನಾಲ್ಕು ಚಕ್ರಕ್ಕೆ ಗಾಳಿ ತುಂಬಿಸಿ ಹೊರಟವರಿಗೆ ಡಿಕ್ಕಿಯಲ್ಲಿ ಲಗೇಜಿನಡಿ ಬಿದ್ದಿರುವ ಐದನೆಯದರ ನೆನಪೇ ಇರುವುದಿಲ್ಲ. ಸುಮ್ಮನೆ ಇಟ್ಟ ಟೈರಿನಲ್ಲೂ ತಿಂಗಳಿಗೆ ಒಂದೆರಡು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಳಿಯುತ್ತದೆ. ವರ್ಷಗಟ್ಟಲೆ ಮುಟ್ಟದಿದ್ದರೆ ಬೇಕಾದ ಹೊತ್ತಿಗೆ ಮೆತ್ತಗಾಗಿರುತ್ತದೆ. ತೆಳುವಾದ ತಾತ್ಕಾಲಿಕ ಸ್ಟೆಪ್ನಿಗೆ ಸಾಮಾನ್ಯವಾಗಿ 60 ಪಿಎಸ್‌ಐ ಬೇಕು, ಗಂಟೆಗೆ 80 ಕಿ.ಮೀ. ದಾಟಿಸಬಾರದು.

ಸ್ಟೆಪ್ನಿ ಸರಿಯಿದ್ದರೂ ನಟ್ ಬಿಚ್ಚಬೇಕಲ್ಲ! ಏರ್ ಗನ್ನಿನಲ್ಲಿ ಬಿಗಿದದ್ದು ಕಾರಿನ ಜೊತೆ ಬಂದ ಗಿಡ್ಡ ಸ್ಪ್ಯಾನರಿಗೆ ಜಗ್ಗುವುದಿಲ್ಲ. ಹಿಂದಿನ ದಿನವೇ, ಚಕ್ರ ನೆಲದ ಮೇಲಿರುವಾಗ, ಒಂದೊಂದೇ ನಟ್ ಸಡಿಲಿಸಿ ಮತ್ತೆ ಬಿಗಿಯಿರಿ. ಅಲಾಯ್ ಚಕ್ರಕ್ಕೆ ಲಾಕ್ ನಟ್ (ಕಳ್ಳರು ಬಿಚ್ಚದಂತೆ ಹಾಕುವ ನಟ್) ಇದ್ದರೆ ಅದರ ಕೀ ಕಾರಿನಲ್ಲೇ ಇದೆಯೇ ನೋಡಿ. ದಾರಿಯಲ್ಲಿ ಚಕ್ರ ಬದಲಿಸಿದರೆ 50ರಿಂದ 100 ಕಿ.ಮೀ. ಓಡಿದ ಮೇಲೆ ನಟ್‌ಗಳ ಬಿಗಿ ಮತ್ತೊಮ್ಮೆ ಪರೀಕ್ಷಿಸಿ.

ಗಾಳಿ ನೋಡುವುದು ಟೈರ್ ತಣ್ಣಗಿದ್ದಾಗ. ಎಷ್ಟು ಬೇಕೆಂಬುದು ಹೆಚ್ಚಿನ ಕಾರುಗಳಲ್ಲಿ ಚಾಲಕನ ಬಾಗಿಲ ಕಂಬದ ಸ್ಟಿಕ್ಕರಿನಲ್ಲಿರುತ್ತದೆ. ತುಂಬಿದ ಕಾರಿಗೆ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ. ಟೈರಿನ ಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿ, ಅದಕ್ಕೆ ತುಂಬಿಸಬೇಡಿ. ಓಡಿ ಬಿಸಿಯಾದ ಟೈರ್ ನಾಲ್ಕೈದು ಪಿಎಸ್‌ಐ ಹೆಚ್ಚು ತೋರಿಸುತ್ತದೆ, ಗಾಬರಿಯಾಗಿ ಗಾಳಿ ಬಿಡಬೇಡಿ. ಗಾಳಿ ಕಡಿಮೆಯಾದರೆ ಟೈರಿನ ಪಕ್ಕೆ ಮತ್ತೆ ಮತ್ತೆ ಮಡಚಿ ಬಿಸಿಯೇರುತ್ತದೆ, ವೇಗದಲ್ಲಿ ಒಡೆಯುವುದು ಆಗಲೇ.

ಇನ್ನು ಇಳಿಜಾರು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು, 3.7% ನೀರು ಸೇರಿದರೆ ಆ ಮಿತಿ 155ಕ್ಕೆ ಬೀಳುತ್ತದೆ. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಆಯಿಲ್ ಕುದಿದು ಆವಿಯಾಗುತ್ತದೆ, ಬ್ರೇಕ್ ಹಿಡಿಯದೆ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ. ಡಬ್ಬಿಯಲ್ಲಿ ಮಟ್ಟ ಸರಿಯಿದೆ ಎಂದು ಬಿಡಬೇಡಿ, ಎರಡು ವರ್ಷಕ್ಕೊಮ್ಮೆ ಆಯಿಲನ್ನೇ ಬದಲಿಸಿ. ಬ್ರೇಕ್ ಪ್ಯಾಡ್ 3 ಮಿ.ಮೀ.ಗೆ ಸವೆದಿದ್ದರೆ ಅದನ್ನೂ. ಹತ್ತಲು ಬೇಕಾದ ಗೇರಿನಲ್ಲೇ ಇಳಿಯಿರಿ, ನ್ಯೂಟ್ರಲ್ ಬೇಡವೇ ಬೇಡ. ಸುಟ್ಟ ವಾಸನೆ ಬಂದರೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ತಾನಾಗಿ ಆರಲಿ; ಕಾದ ಬ್ರೇಕ್ ಡಿಸ್ಕಿಗೆ ನೀರು ಸುರಿದರೆ ಅದು ಸೊಟ್ಟಗಾಗಬಹುದು.

ಎಂಜಿನ್ ಆಯಿಲ್, ಕೂಲಂಟ್ ಮಟ್ಟ ನೋಡಲು ಎರಡು ನಿಮಿಷ ಸಾಕು. ಬಿಸಿಯಿದ್ದಾಗ ಕೂಲಂಟ್ ಮುಚ್ಚಳ ತೆರೆಯಬೇಡಿ. ಬ್ರೇಕ್ ಲೈಟ್ ನೋಡಲು ಜೊತೆಗೆ ಯಾರೂ ಇಲ್ಲವೇ? ಕತ್ತಲಾದ ಮೇಲೆ ಕಾರಿನ ಹಿಂಬದಿಯನ್ನು ಗೋಡೆಗೆ ಹತ್ತಿರ ತಂದು ಪೆಡಲ್ ಒತ್ತಿ. ಎಡಬಲ ಎರಡೂ ಕಡೆ ಗೋಡೆ ಕೆಂಪಾಗಬೇಕು.