ನಿಲ್ಲಿಸೋಕೂ 5 ಜಿಬಿ ಕೇಳಿದ ಟಾಮ್‌ಕ್ಯಾಟ್

ಶನಿವಾರ ರಾತ್ರಿ ಹನ್ನೊಂದೂವರೆಗೆ ಟಾಮ್‌ಕ್ಯಾಟ್ (ಜಾವಾ ವೆಬ್ ಅಪ್ಲಿಕೇಶನ್ ಓಡಿಸುವ ಸರ್ವರ್) ನಿಲ್ಲಿಸೋಕೆ ಹೋದೆ. ನಿಲ್ಲಲಿಲ್ಲ. ಮೆಮೊರಿ ಸಾಲದು ಅಂತ ಎರರ್ ಬಂತು. ಓಡುತ್ತಿರುವುದನ್ನು ನಿಲ್ಲಿಸೋಕೆ ಯಾಕಪ್ಪಾ ಮೆಮೊರಿ?

ಅದಕ್ಕೂ ಒಂದು ವಾರ ಮುಂಚೆ ಹೀಪ್ (ಜಾವಾ ಪ್ರೋಗ್ರಾಂ ತನ್ನ ಡೇಟಾ ಇಡುವ ಮೆಮೊರಿ) ಸಾಲದೆ ಅಪ್ಲಿಕೇಶನ್ ಬಿದ್ದಿತ್ತು. ಮೆಷಿನ್‌ನಲ್ಲಿ ಇರುವುದು 8 ಜಿಬಿ. ನಾವು ಏನೂ ಹೇಳದಿದ್ದರೆ ಜಾವಾ ಹೀಪ್‌ಗೆ ಅದರ ಕಾಲು ಭಾಗ, ಅಂದರೆ 2 ಜಿಬಿ ಮಾತ್ರ ಬಳಸುತ್ತದೆ. ಅವಸರದಲ್ಲಿ ಟಾಮ್‌ಕ್ಯಾಟನ್ನು ಶುರು ಮಾಡುವ, ನಿಲ್ಲಿಸುವ ಕ್ಯಾಟಲಿನಾ.ಎಸ್‌ಎಚ್ ಫೈಲನ್ನೇ ತೆರೆದು, ಜಾವಾಗೆ ಸೆಟ್ಟಿಂಗ್ ಹೇಳುವ ಜಾವಾ_ಆಪ್ಟ್ಸ್‌ನಲ್ಲಿ ಎಕ್ಸ್‌ಎಂಎಸ್ (ಶುರುವಿನ ಹೀಪ್), ಎಕ್ಸ್‌ಎಂಎಕ್ಸ್ (ಗರಿಷ್ಠ ಹೀಪ್) ಎರಡಕ್ಕೂ 5 ಜಿಬಿ ಬರೆದಿದ್ದೆ.

ತಪ್ಪಾಗಿದ್ದು ಅಲ್ಲೇ. ಟಾಮ್‌ಕ್ಯಾಟ್ ನಿಲ್ಲಿಸುವ ಕಮಾಂಡ್ ಕೂಡ ಒಂದು ಪುಟ್ಟ ಜಾವಾ ಪ್ರೋಗ್ರಾಂ. 8005ನೇ ಪೋರ್ಟಿಗೆ 'ಶಟ್‌ಡೌನ್' ಅನ್ನುವ ಒಂದು ಪದ ಕಳಿಸುವುದಷ್ಟೇ ಅದರ ಕೆಲಸ. ಜಾವಾ_ಆಪ್ಟ್ಸ್ ಅದಕ್ಕೂ ಅನ್ವಯಿಸುತ್ತದೆ. ಹಾಗಾಗಿ ಆ ಒಂದು ಪದ ಕಳಿಸೋಕೆ ಅದೂ 5 ಜಿಬಿ ಕೇಳಿತು. ಹಳೇ ಲಿನಕ್ಸ್, ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಬೇರೆ ಇಲ್ಲ, ಎಲ್ಲಿಂದ ಕೊಡಬೇಕು? ಆ ರಾತ್ರಿ ಪ್ರೋಸೆಸ್ ನಂಬರ್ ಹುಡುಕಿ ಕಿಲ್ ಮಾಡಿ ನಿಲ್ಲಿಸಿದೆ.

ಮೆಮೊರಿ ಸೆಟ್ಟಿಂಗ್ ಇರಬೇಕಾದ್ದು ಕ್ಯಾಟಲಿನಾ_ಆಪ್ಟ್ಸ್‌ನಲ್ಲಿ. ಅದು ಶುರು ಮಾಡುವಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಬರೆಯಬೇಕಾದ ಜಾಗ ಬಿನ್ ಫೋಲ್ಡರಿನ ಸೆಟ್‌ಎನ್‌ವಿ.ಎಸ್‌ಎಚ್. ಈ ಫೈಲು ಟಾಮ್‌ಕ್ಯಾಟ್ ಜೊತೆ ಬರುವುದಿಲ್ಲ, ನಾವೇ ಮಾಡಿಕೊಳ್ಳಬೇಕು. ಇದ್ದರೆ ಕ್ಯಾಟಲಿನಾ.ಎಸ್‌ಎಚ್ ತಾನಾಗಿಯೇ ಓದಿಕೊಳ್ಳುತ್ತದೆ.

"ಅಕ್ಕಾ, ಇರೋದೇ ಮೂರು ಮೆಷಿನ್, ಕೈಯಲ್ಲೇ ಬರೆದ್ರೆ ಆಗಲ್ವಾ?" ಅಂದ ಜೊತೆಗೆ ಕೆಲಸ ಮಾಡುವ ಹುಡುಗ. ಆಗುತ್ತದೆ. ಆದರೆ ಎರಡರಲ್ಲಿ 8 ಜಿಬಿ, ಒಂದರಲ್ಲಿ 16. ನಾಳೆ ಯಾರೋ ಮೆಮೊರಿ ಜಾಸ್ತಿ ಹಾಕಿಸುತ್ತಾರೆ, ಫೈಲಿನಲ್ಲಿ ಹಳೇ ಅಂಕಿಯೇ ಉಳಿಯುತ್ತದೆ. ಅದಕ್ಕೇ ಸೆಟ್‌ಎನ್‌ವಿ ಒಳಗೇ ಲೆಕ್ಕ ಹಾಕಿಸಿದೆ. ಲಿನಕ್ಸ್ ಮೆಮೊರಿ ಲೆಕ್ಕ ತೋರಿಸುವ /ಪ್ರಾಕ್/ಮೆಮ್‌ಇನ್ಫೋದಿಂದ ಮೆಮ್‌ಟೋಟಲ್ (ಒಟ್ಟು ಮೆಮೊರಿ) ಸಾಲನ್ನು ಆಕ್ ಅನ್ನುವ ಕಮಾಂಡ್ ಎತ್ತಿಕೊಡುತ್ತದೆ. ಅಂಕಿ ಕೆಬಿಯಲ್ಲಿರುತ್ತದೆ. 2048ರಿಂದ ಭಾಗಿಸಿದರೆ ಅರ್ಧದಷ್ಟು ಮೆಮೊರಿ ಎಂಬಿ ಲೆಕ್ಕದಲ್ಲಿ ಸಿಗುತ್ತದೆ. ಅದೇ ಹೀಪ್.

ಅರ್ಧ ಯಾಕೆ, ಮುಕ್ಕಾಲು ಕೊಡಬಹುದಲ್ವಾ? ನನಗೆ ಧೈರ್ಯವಿಲ್ಲ. ಹೀಪ್ ಹೊರಗೂ ಜಾವಾ ಮೆಮೊರಿ ತಿನ್ನುತ್ತದೆ. ಕ್ಲಾಸ್‌ಗಳ ವಿವರ ಇಡುವ ಮೆಟಾಸ್ಪೇಸ್ ಇದೆ. ಒಂದೊಂದು ಥ್ರೆಡ್‌ಗೂ (ಒಟ್ಟೊಟ್ಟಿಗೆ ಓಡುವ ಕೆಲಸದ ಎಳೆ) 1 ಎಂಬಿವರೆಗೆ ಸ್ಟ್ಯಾಕ್ ಅನ್ನುವ ಮೆಮೊರಿ ಬೇಕು, ಟಾಮ್‌ಕ್ಯಾಟ್ ಸುಮ್ನೆ ಬಿಟ್ಟರೆ 200 ಥ್ರೆಡ್‌ವರೆಗೂ ಹೋಗುತ್ತದೆ. ಮೆಷಿನ್ ಮೆಮೊರಿಯೇ ಮುಗಿದರೆ ಲಿನಕ್ಸ್ ಕರ್ನಲ್ ಜಾವಾವನ್ನೇ ಕೊಂದುಬಿಡಬಹುದು. ಆಗ ಟಾಮ್‌ಕ್ಯಾಟ್ ಲಾಗ್‌ನಲ್ಲಿ ಒಂದಕ್ಷರವೂ ಇರುವುದಿಲ್ಲ, ಕರ್ನಲ್ ಸಂದೇಶ ತೋರಿಸುವ ಡಿಮೆಸೇಜ್‌ನಲ್ಲಿ ಹುಡುಕಬೇಕು.

ಸೋಮವಾರ ಮೂರೂ ಮೆಷಿನ್‌ನಲ್ಲಿ ಹಾಕಿ, ಶುರು ಮಾಡಿ, ಮತ್ತೆ ನಿಲ್ಲಿಸಿ ನೋಡಿದೆವು. ಮೂರೂ ತಕರಾರಿಲ್ಲದೆ ನಿಂತವು.