ತೋತಾಪುರಿ ಕೊಯ್ದ ಭಾನುವಾರ

ಕೋಲಾರ
ಜೂನ್ 15, 2025, ಭಾನುವಾರ, ರಾತ್ರಿ ಹತ್ತೂವರೆ

ಕೈಯಿಂದ ಮಾವಿನಕಾಯಿ ಸೊನೆ ವಾಸನೆ ಇನ್ನೂ ಹೋಗಿಲ್ಲ. ಎರಡು ಸಲ ಸೋಪು ಹಾಕಿ ತೊಳೆದೆ. ಊಟಕ್ಕೆ ಕೂತಾಗ ಬಸ್ಸಾರಿಗಿಂತ ಅದೇ ಮೂಗಿಗೆ ಹೊಡೆಯುತ್ತಿತ್ತು. "ಏನಾಯ್ತು, ಮಾತೇ ಇಲ್ಲ" ಅಂದರು ಇವರು. ಏನಿಲ್ಲ ಅಂದೆ. ನಾನು ಕೆಲಸ ಮಾಡುವ ಬಾಲಮಂದಿರದ ಆಫೀಸ್ ರಿಜಿಸ್ಟರಿನಲ್ಲಿ ಬರೆಯಬೇಕಾದ್ದನ್ನು ಇಲ್ಲಿ ಬರೆಯಲು ಕೂತಿದ್ದೇನೆ. ಅಲ್ಲಿ ಹೇಗೆ ಬರೆಯೋದು ಅಂತ ಗೊತ್ತಾಗುತ್ತಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಹುಡುಗನ ಹೆಸರು ಬರೆಯಲ್ಲ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಬರೆಯಬಾರದು ಅನ್ನುತ್ತೆ. ಕಲಂ ಇಲ್ಲದಿದ್ದರೂ ಬರೆಯುತ್ತಿರಲಿಲ್ಲ. ಅಜ್ಜಿಯ ಊರು ಶ್ರೀನಿವಾಸಪುರದ ಕಡೆ ಅಂದರೆ ಸಾಕು. ಆ ಕಡೆ ಎಲ್ಲ ಊರಲ್ಲೂ ಮಾವಿನ ತೋಪು, ಎಲ್ಲ ಮನೆಯಲ್ಲೂ ಒಬ್ಬ ಅಜ್ಜಿ. ಒಂದೆರಡು ವಿವರ ಬೇಕಂತಲೇ ಬದಲಿಸಿದ್ದೇನೆ.

ಭಾನುವಾರ ನಮ್ಮಲ್ಲಿ ಭೇಟಿ ದಿನ. ಹತ್ತರಿಂದ ಒಂದು ಗಂಟೆವರೆಗೆ. ಇಪ್ಪತ್ತು ಹುಡುಗರಲ್ಲಿ ಐದಾರು ಜನಕ್ಕೆ ಯಾರಾದರೂ ಬರುತ್ತಾರೆ. ಉಳಿದವರು ಆ ಹೊತ್ತಿಗೆ ಸರಿಯಾಗಿ ಕ್ರಿಕೆಟ್ ಶುರು ಮಾಡುತ್ತಾರೆ, ಗೇಟಿಗೆ ಬೆನ್ನು ಹಾಕಿ, ಜಾಸ್ತಿ ಗಲಾಟೆ ಮಾಡಿಕೊಂಡು. ಇವತ್ತು ಅಪ್ಪಂದಿರ ದಿನ ಬೇರೆ ಅಂತೆ. ಬೆಳಗ್ಗೆ ಫೋನ್ ತೆಗೆದರೆ ಎಲ್ಲರ ಸ್ಟೇಟಸ್ಸಿನಲ್ಲೂ ಅಪ್ಪ. ನಮ್ಮಲ್ಲಿ ಆ ಮಾತು ಆಡುವ ಮುಂಚೆ ಅಕ್ಕಪಕ್ಕ ಯಾರಿದ್ದಾರೆ ಅಂತ ನೋಡಿಕೊಳ್ಳಬೇಕು.

ಹುಡುಗನಿಗೆ ಹದಿನಾಲ್ಕು. ನಮ್ಮಲ್ಲಿಗೆ ಬಂದು ನಾಲ್ಕು ತಿಂಗಳು. ಅಪ್ಪನ ಮೇಲೆ ಮಚ್ಚು ಎತ್ತಿದವನು ಅಂತ ಊರಲ್ಲಿ ಹೆಸರು. ಅದಕ್ಕೂ ಮುಂಚೆ ಹತ್ತು ವರ್ಷ ಆ ಮನೆಯಲ್ಲಿ ಯಾರು ಯಾರ ಮೇಲೆ ಏನೇನು ಎತ್ತಿದರು ಅನ್ನೋದು ಊರಿಗೆ ನೆನಪಿಲ್ಲ. ಫೈಲಿನ ಮೊದಲ ಪುಟದಲ್ಲೇ 'ಆಕ್ರಮಣಕಾರಿ ವರ್ತನೆ' ಅಂತ ಇದೆ. ತೀರಿಹೋದ ಅಮ್ಮನ ವಿಷಯ ಏಳನೇ ಪುಟದಲ್ಲಿ, ಎರಡು ಸಾಲು.

ಮೊದಲು ನಿಮ್ಹಾನ್ಸ್‌ನ ಮಕ್ಕಳ ವಾರ್ಡಿನಲ್ಲಿದ್ದ. ಅಲ್ಲಿ ಅಜ್ಜಿಯೂ ಜೊತೆಗಿದ್ದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಹದಿನೆಂಟು ತುಂಬದವರನ್ನು ಸೇರಿಸಿಕೊಂಡರೆ ಅವರ ಕಡೆಯವರೊಬ್ಬರು ಕೊನೇವರೆಗೂ ಜೊತೆಗಿರಲೇಬೇಕು. ಡಿಸ್ಚಾರ್ಜ್ ಆದ ಮೇಲೆ ಮನೆಗೆ ಕಳಿಸುವ ಹಾಗಿರಲಿಲ್ಲ. ಮಕ್ಕಳ ಕಲ್ಯಾಣ ಸಮಿತಿ ನಮ್ಮಲ್ಲಿಗೆ ಕಳಿಸಿತು. ನಮ್ಮಲ್ಲಿ ಅಜ್ಜಿಗೆ ಜಾಗ ಇಲ್ಲ. ವಾರಕ್ಕೆ ಮೂರು ಗಂಟೆ, ಅದೂ ಹೊಂಗೆ ಮರದ ಕೆಳಗೆ. "ಅಷ್ಟು ದೊಡ್ಡಾಸ್ಪತ್ರೇಲೇ ನನ್ನ ಇಟ್ಕೊಂಡಿದ್ರು, ನಿಮ್ದೇನಮ್ಮ?" ಅಂತ ಪ್ರತಿ ವಾರ ಕೇಳುತ್ತಾರೆ. ಪ್ರತಿ ವಾರ ನಾನು ಬೇರೆ ಬೇರೆ ಉತ್ತರ ಹೇಳುತ್ತೇನೆ. ಯಾವುದೂ ಅವರಿಗೆ ಒಪ್ಪಿಗೆಯಾಗಿಲ್ಲ, ನನಗೂ ಅಷ್ಟೇ.

ಬಂದ ಹೊಸದರಲ್ಲಿ ಅವನು ಚಪ್ಪಲಿ ಹಾಕಿಕೊಂಡೇ ಮಲಗುತ್ತಿದ್ದ. ರಾತ್ರಿ ಡ್ಯೂಟಿ ಅಣ್ಣ ನಾಲ್ಕು ದಿನ ಬೈದು ಬಿಚ್ಚಿಸಿದರು, ಐದನೇ ದಿನ ನನ್ನ ಹತ್ತಿರ ದೂರು ತಂದರು. ಬೆಡ್‌ಶೀಟೆಲ್ಲ ಮಣ್ಣು. ಯಾಕಪ್ಪಾ ಅಂತ ಕೇಳಿದೆ. "ಮುಳ್ಳಕ್ಕ" ಅಂದ. ಅಷ್ಟೇ ಅಂದಿದ್ದು. ವಾರ ಬಿಟ್ಟು ಅಜ್ಜಿ ಬಂದಾಗ ಗೊತ್ತಾಯಿತು. ರಾತ್ರಿ ಅಪ್ಪ ಕುಡಿದು ಬಂದರೆ ಅಮ್ಮ ಇವನನ್ನು ಎಬ್ಬಿಸಿಕೊಂಡು ಹಿಂದಿನ ಹೊಲಕ್ಕೆ ಓಡುತ್ತಿದ್ದಳಂತೆ. ಅಲ್ಲೆಲ್ಲ ಜಾಲಿ.

ನನ್ನ ಕೀ ಗೊಂಚಲೂ ಹಾಗೇ. ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವುದು ಹನ್ನೊಂದು ವರ್ಷದ ಅಭ್ಯಾಸ. ಅದು ಝಣ್ ಅಂದಾಗೆಲ್ಲ ಅವನು ತಟ್ಟೆ ಬಿಟ್ಟು ಎದ್ದು ಗೋಡೆಗೆ ಅಂಟಿಕೊಳ್ಳುತ್ತಿದ್ದ. ಯಾಕೆ ಅಂತ ಇವತ್ತಿಗೂ ಕೇಳಿಲ್ಲ. ಎಲ್ಲ 'ಯಾಕೆ'ಗೂ ಈಗಲೇ ಉತ್ತರ ಬೇಕು ಅಂತೇನೂ ಇಲ್ಲ. ಗೊಂಚಲಿಗೆ ಒಂದು ಹಳೇ ಕರ್ಚೀಫು ಸುತ್ತಿದೆ, ಈಗ ಸದ್ದಿಲ್ಲ. ನಾಲ್ಕು ತಿಂಗಳಲ್ಲಿ ನಾವು ಕೊಟ್ಟ ದೊಡ್ಡ ಚಿಕಿತ್ಸೆ ಇದೇ ಇರಬಹುದು. ಫಾರ್ಮಿನಲ್ಲಿ ಇದಕ್ಕೆ ಕಾಲಂ ಇಲ್ಲ.

ಚಪ್ಪಲಿ ವಿಷಯ ಹೇಳಿದಾಗ ಹೊಸದಾಗಿ ಬಂದಿರುವ ಕೌನ್ಸೆಲರ್ ಹುಡುಗಿ ಅಮೆರಿಕದ ಕಥೆ ಹೇಳಿದಳು. ದೊಡ್ಡ ಹೋಟೆಲ್ ಮನೆತನದ ಪ್ಯಾರಿಸ್ ಹಿಲ್ಟನ್ ಗೊತ್ತಲ್ಲ, ಅವರು ಹದಿನಾರನೇ ವಯಸ್ಸಿನಲ್ಲಿ ಮಲಗಿದ್ದಾಗ ನಡುರಾತ್ರಿ ಇಬ್ಬರು ಗಂಡಸರು ಕೋಣೆಗೆ ನುಗ್ಗಿ ಎತ್ತಿಕೊಂಡು ಹೋದರಂತೆ. ಕಳ್ಳರಲ್ಲ. ಅಪ್ಪ ಅಮ್ಮನೇ ಒಪ್ಪಿ ಮಾಡಿಸಿದ್ದು, ಮಗಳು ದಾರಿಗೆ ಬರಲಿ ಅಂತ. ಅಂಥ ವಸತಿ ಶಾಲೆಗಳಲ್ಲಿ ಹೊಡೆತ, ಒಂಟಿ ಕೋಣೆ ಎಲ್ಲ ಅನುಭವಿಸಿದೆ ಅಂತ ಆಕೆ 2021ರಲ್ಲಿ ಯೂಟಾ ರಾಜ್ಯದ ಶಾಸಕರ ಮುಂದೆ ಹೇಳಿದರು. ಮಕ್ಕಳ ಕೇಂದ್ರಗಳಲ್ಲಿ ನಡೆಯುವ ಹಿಂಸೆ ತಡೆಯಲು 2024ರ ಡಿಸೆಂಬರಿನಲ್ಲಿ ಅಲ್ಲಿ ಒಂದು ಕೇಂದ್ರ ಕಾನೂನೂ ಬಂತು. ದುಡ್ಡಿಗೆ ಏನೂ ಕಮ್ಮಿ ಇಲ್ಲದ ಮನೆ, ನೋಡಿ.

ನಮ್ಮಲ್ಲೂ ದಾರಿಗೆ ತರುವವರಿಗೆ ಬರವಿಲ್ಲ. ಇವತ್ತೇ ಇನ್ನೊಬ್ಬ ಹುಡುಗನ ಸೋದರಮಾವ ಬಂದಿದ್ದರು. "ನಾಲ್ಕು ಬಿಡಿ ಮೇಡಂ, ನಾವೇನೂ ಕೇಳಲ್ಲ" ಅಂದರು. ಹೊಡೆದರೆ ಮೊದಲ ಸಲಕ್ಕೇ ಹತ್ತು ಸಾವಿರ ದಂಡ ಇದೆ ಸಾರ್, 82ನೇ ಕಲಂ, ಅಂದೆ. "ಅಷ್ಟೇನಾ, ನಾನೇ ಕೊಡ್ತೀನಿ ಬಿಡಿ" ಅಂತ ನಕ್ಕರು. ತಮಾಷೆಗೇ ಹೇಳಿದ್ದು. ಆ ಹುಡುಗ ಪಕ್ಕದಲ್ಲೇ ಕೂತಿದ್ದ.

ಅಜ್ಜಿ ಹನ್ನೊಂದು ಗಂಟೆಗೆ ಬಂದರು. ಪ್ಲಾಸ್ಟಿಕ್ ಚೀಲದ ತುಂಬ ತೋತಾಪುರಿ. ಆಂಧ್ರದ ಚಿತ್ತೂರಿನವರು ಹೊರಗಿನ ಕಾಯಿ ಬರಬಾರದು ಅಂತ ಆದೇಶ ಮಾಡಿದ್ದಾರಲ್ಲ, ಈ ಕಡೆ ಬೆಲೆ ಬಿದ್ದುಹೋಗಿದೆ. "ಕೀಳೋ ಕೂಲಿ ಹುಟ್ಟಲ್ಲ, ಅದಕ್ಕೇ ನಿಮ್ಗೆ ತಂದೆ" ಅಂದರು. ಇಷ್ಟು ನೇರವಾಗಿ ಯಾರಾದರೂ ಉಡುಗೊರೆ ಕೊಡುತ್ತಾರಾ?

ಕೂತವರೇ ಶುರು ಮಾಡಿದರು. "ಇನ್ನ ಎಷ್ಟ್ ದಿನಕ್ಕೆ ಸರೋಗ್ತಾನೆ ಮೇಡಮ್ಮ?"

ಹುಡುಗ ನೆಲ ಕೆದಕುತ್ತ ಕೂತಿದ್ದ.

"ಅಜ್ಜಿ, ನಿಮ್ಮ ಬೋರ್ ಇದೆಯಲ್ಲ. ಕರೆಂಟು ಏರುಪೇರಾದ್ರೆ ಸ್ಟಾರ್ಟರ್ ಟ್ರಿಪ್ ಆಗುತ್ತಲ್ವಾ?"

"ಆಗ್ತೈತೆ."

"ಯಾಕೆ ಆಗುತ್ತೆ?"

"ಮೋಟ್ರು ಸುಟ್ಟೋಗ್ಬಾರ್ದಲ್ಲ."

"ಇವನ ತಲೇಲೂ ಅಂಥದ್ದು ಒಂದಿದೆ. ಚಿಕ್ಕಂದಿನಿಂದ ದಿನಾ ಏರುಪೇರು ನೋಡಿ ನೋಡಿ ಈಗ ಸುಮ್ನೆ ಬಾಗಿಲು ಜೋರಾಗಿ ಬಡಿದ್ರೂ ಟ್ರಿಪ್ ಆಗುತ್ತೆ. ಬೇಕು ಅಂತ ಮಾಡೋದಲ್ಲ. ಸುಡದೇ ಇರ್ಲಿ ಅಂತ ಮೈ ತಾನೇ ಮಾಡ್ಕೊಂಡಿರೋದು."

ಅಜ್ಜಿ ಎಲೆಗೆ ಸುಣ್ಣ ಸವರುತ್ತ ಯೋಚನೆ ಮಾಡಿದರು. ನನಗೆ ಒಳಗೊಳಗೇ ಖುಷಿ. ಇದನ್ನ ಮುಂದಿನ ಟ್ರೈನಿಂಗಿನಲ್ಲಿ ಹೇಳಬೇಕು ಅಂದುಕೊಂಡೆ.

"ನಮ್ದೂ ಹಂಗೇ ಆಗ್ತಿತ್ತು" ಅಂದರು. "ಚಿಂತಾಮಣಿಯಿಂದ ಮೆಕ್ಯಾನಿಕ್ ಬಂದ. ಒಂದ್ ಗಂಟೇಲಿ ಸರಿ ಮಾಡ್ದ. ಐನೂರು ತಗೊಂಡ." ಎಲೆ ಬಾಯಿಗೆ ಹಾಕಿಕೊಂಡರು. "ನಿಮ್ದು ನಾಲ್ಕು ತಿಂಗಳಾಯ್ತು."

ಹುಡುಗ ಫಕ್ಕನೆ ನಕ್ಕ. ನಾನೂ ನಕ್ಕೆ. ಬಾಯಿಗೆ ಬಂದಿದ್ದ ಇನ್ನೊಂದು ಮಾತು ನುಂಗಿಕೊಂಡೆ. ಮೋಟ್ರು ಬಿಚ್ಚಿ ತಂದು ಇಲ್ಲಿಟ್ಟುಕೊಂಡಿದ್ದೇವೆ, ಅಲ್ಲಿನ ಲೈನು ಹಾಗೇ ಇದೆಯಲ್ಲ ಅಜ್ಜಿ.

ಆಮೇಲೆ ಆಗಿದ್ದು.

ಅಜ್ಜಿ ಎಲೆಅಡಿಕೆ ಸಂಚಿಗೆ ಕೈ ಹಾಕಿದರು. ಅಡಿಕೆ ತೆಗೆಯುತ್ತಾರೆ ಅಂದುಕೊಂಡೆ. ಹೊರಗೆ ಬಂದಿದ್ದು ಮಡಚುವ ಚಾಕು. ಮರದ ಹಿಡಿ, ಸಾಣೆ ಹಿಡಿದು ಹಿಡಿದು ಅರ್ಧಕ್ಕೆ ಸವೆದ ಅಲಗು. ಬಿಚ್ಚಿ, ಒಂದು ಕಾಯಿ ಜೊತೆಗೆ ಅವನ ಕೈಗೆ ಕೊಟ್ಟರು. "ಕೊಯ್ರಾ" ಅಂದರು, ಅಷ್ಟೇ ಸಹಜವಾಗಿ.

ನಮ್ಮ ಅಡುಗೆಮನೆಯಲ್ಲಿ ನಾಲ್ಕು ಚಾಕು, ಒಂದು ಈಳಿಗೆ ಮಣೆ. ಬೆಳಗ್ಗೆ ಎಣಿಸಿ ಕೊಡುತ್ತೇವೆ, ಸಂಜೆ ಎಣಿಸಿ ಬೀಗ ಹಾಕುತ್ತೇವೆ. ಗೇಟಿನಲ್ಲಿ ಚೀಲ ನೋಡುತ್ತಾರೆ, ಇವತ್ತೂ ನೋಡಿದ್ದಾರೆ. ಅಜ್ಜಿಯ ಸೊಂಟದ ಸಂಚಿ ಯಾರು ನೋಡುತ್ತಾರೆ?

ಇಂಥ ಹೊತ್ತಿನಲ್ಲಿ ಏನು ಮಾಡಬೇಕು ಅಂತ ನಮಗೆ ಹೇಳಿಕೊಟ್ಟಿದ್ದಾರೆ. ಕೂಗಬಾರದು. ಕಿತ್ತುಕೊಳ್ಳಲು ಹೋಗಬಾರದು. ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕು, ಕೈ ಅವನಿಗೆ ಕಾಣುವ ಹಾಗಿರಬೇಕು, ಮಾತು ಕಮ್ಮಿ, ದನಿ ತಗ್ಗು. ಅದನ್ನೆಲ್ಲ ನಾನು ಸರಿಯಾಗಿ ಮಾಡಿದೆ ಅಂತ ರಿಜಿಸ್ಟರಿನಲ್ಲಿ ಬರೆಯಬಹುದು. ನಿಜ ಅಂದರೆ ಕಾಲು ಏಳಲಿಲ್ಲ. ಕ್ರಿಕೆಟ್ಟಿನ ಗಲಾಟೆ ಎಲ್ಲೋ ದೂರದಲ್ಲಿ ಕೇಳುತ್ತಿತ್ತು.

ಅವನು ಚಾಕು ನೋಡಿದ. ನನ್ನನ್ನು ನೋಡಿದ. ನಾನು ಏನು ಮಾಡುತ್ತೇನೆ ಅಂತ ಕಾಯುತ್ತಿದ್ದ ಅನ್ನಿಸಿತು. ಎಷ್ಟು ಹೊತ್ತೋ.

"ಅಕ್ಕ, ಹೂವು ಮಾಡ್ಲಾ?" ಅಂದ.

ಮಾಡು ಅಂದೆ.

ಬಸ್‌ಸ್ಟ್ಯಾಂಡುಗಳಲ್ಲಿ ಮಾರುತ್ತಾರಲ್ಲ, ಕಾಯಿ ಉದ್ದುದ್ದ ಸೀಳಿ ಹೂವಿನ ಹಾಗೆ ಬಿಡಿಸಿ, ಉಪ್ಪು ಖಾರ ಉದುರಿಸಿ. ಹಾಗೆ. ಮೊದಲು ಮೂತಿ ತೆಗೆದ. ಕಾಯಿ ಅಂಗೈಯಲ್ಲಿಟ್ಟು ತಿರುಗಿಸುತ್ತ ಗೆರೆ ಹಾಕಿದ ಹಾಗೆ ಸೀಳುತ್ತ ಹೋದ. ಅಲಗು ಓಟೆಗೆ ತಾಗುವ ಕಡೆ ಕೈ ತಾನೇ ನಿಲ್ಲುತ್ತಿತ್ತು. ಹೆಬ್ಬೆಟ್ಟು ಎಲ್ಲಿಡಬೇಕು ಅಂತ ಗೊತ್ತಿದ್ದ ಕೈ ಅದು. ಎಂಟು ಎಸಳು. ಒಂದೂ ಮುರಿಯಲಿಲ್ಲ. ಅಜ್ಜಿ ಪೊಟ್ಟಣದಿಂದ ಉಪ್ಪು ಖಾರ ಹಾಕಿದರು. ಮೊದಲ ಎಸಳು ನನಗೆ ಕೊಟ್ಟ.

"ಅಮ್ಮ ಹಿಂಗೇ ಕೊಯ್ಯೋಳು. ಬುಟ್ಟಿ ಇಟ್ಕೊಂಡು."

ನಾಲ್ಕು ತಿಂಗಳಲ್ಲಿ 'ಅಮ್ಮ' ಅಂದಿದ್ದು ಇದೇ ಮೊದಲು. ಕೌನ್ಸೆಲಿಂಗ್ ರೂಮಿನಲ್ಲಿ ಬಣ್ಣದ ಪೆನ್ಸಿಲ್ಲು, ಮುಖದ ಚಿತ್ರಗಳು, ಎಲ್ಲ ಇಟ್ಟಿದ್ದೇವೆ. ನಾನು ಏನೂ ಕೇಳಲಿಲ್ಲ. ಬಾಯಿ ತುಂಬ ಹುಳಿ. ಕಣ್ಣಲ್ಲಿ ನೀರು ಬಂದಿದ್ದಕ್ಕೆ ಖಾರ ಜಾಸ್ತಿಯಾಯ್ತು ಅಂದೆ, ಅಜ್ಜಿ "ಪೇಟೆಯೋರು" ಅಂದರು.

ಅಷ್ಟರಲ್ಲಿ ಕ್ರಿಕೆಟ್ ನಿಂತಿತ್ತು. ವಾಸನೆಗೆ ಎಲ್ಲರೂ ಬಂದು ಮುತ್ತಿಕೊಂಡರು. ಒಬ್ಬ ಚೀಲಕ್ಕೇ ಕೈ ಹಾಕಿದ, ಇನ್ನೊಬ್ಬ ನನ್ನ ಸೆರಗು ಹಿಡಿದು ಎಳೆದ. ಹತ್ತು ನಿಮಿಷ ಜಾತ್ರೆ.

ಸೂಪರಿಂಟೆಂಡೆಂಟ್ ಸರ್ ಕಿಟಕಿಯಿಂದ ನೋಡಿದ್ದರು. ಮಧ್ಯಾಹ್ನ ಕರೆದರು. ಬೈಯಲಿಲ್ಲ, ಅದೇ ಕಷ್ಟ. "ಏನಾದ್ರೂ ಆಗಿದ್ರೆ ಸಮಿತಿ ಮುಂದೆ ಏನಂತ ಹೇಳ್ತಿದ್ರಿ? ಹೂವು ಮಾಡ್ತಿದ್ದ ಅಂತಾನಾ?" ಅವರು ಹೇಳಿದ್ದು ಸರಿ. ಹೋದ ವರ್ಷ ಇನ್ನೊಬ್ಬ ಹುಡುಗನ ಕೈಗೆ ಸಿಕ್ಕಿದ್ದು ಇದಕ್ಕಿಂತ ತುಂಬ ಸಣ್ಣದು. ಆ ರಾತ್ರಿ ಆಸ್ಪತ್ರೆಗೆ ಓಡಿದವಳು ನಾನೇ. ಅದನ್ನು ಇಲ್ಲಿ ಬರೆಯಲ್ಲ. ಬೀಗ ಯಾಕೆ ಬೇಕು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೂ ಅವನು ಹೋಗಬೇಕಾಗಿರುವುದು ಚಾಕು ಇರುವ ಮನೆಗೇ ಅಲ್ವಾ? ಮಚ್ಚು, ಕುಡುಗೋಲು, ಅಪ್ಪ, ಎಲ್ಲ ಇರುವ ಮನೆ. ಹದಿನೆಂಟಕ್ಕೆ ಇಲ್ಲಿಂದ ಕಳಿಸುವ ದಿನ ನಾನು ಏನಂತ ಹೇಳಿ ಕಳಿಸಲಿ? ನಾಲ್ಕು ವರ್ಷ ನಿನ್ನ ಕೈಗೆ ಏನೂ ಸಿಗದ ಹಾಗೆ ನೋಡಿಕೊಂಡೆವು, ಇನ್ನು ನೀನುಂಟು ನಿನ್ನ ಕೈ ಉಂಟು ಅಂತಾನಾ? ಸರ್‌ಗೆ ಇದನ್ನು ಹೇಳೋಣ ಅಂದುಕೊಂಡೆ. ಹೇಳಲಿಲ್ಲ. ನಾಳೆಯಿಂದ ಭೇಟಿಗೆ ಬಂದ ಹೆಂಗಸರ ಸಂಚಿಯನ್ನೂ ನೋಡಬೇಕು ಅಂತ ಆರ್ಡರ್ ಆಯಿತು. ಅಜ್ಜಿಯ ಸಂಚಿ ಬಿಚ್ಚಿಸುವ ಕೆಲಸ ನನ್ನದೇ.

ಮಾವಿನಕಾಯಿ ಇನ್ನೂ ಅರ್ಧ ಚೀಲ ಇದೆ. ನಾಳೆ ಅಡುಗೆ ಅಕ್ಕನಿಗೆ ಚಿತ್ರಾನ್ನ ಮಾಡಲು ಹೇಳಬೇಕು. ತುರಿಯೋಕೆ ಇವನನ್ನು ಕರೆಯಬಹುದಾ? ತುರಿಯುವ ಮಣೆಗೆ ಬೀಗ ಇಲ್ಲ.

ಇಲ್ಲಿವರೆಗೆ ಬರೆದು ನೀರು ಕುಡಿಯಲು ಎದ್ದೆ. ಕೊಯ್ದಾದ ಮೇಲೆ ಅವನು ಅಲಗನ್ನು ಚಡ್ಡಿಗೆ ಒರೆಸಿ ಮಡಚಿದ್ದು ಕಣ್ಣ ಮುಂದೆ ಇದೆ. ಟಕ್ ಅಂತ ಸದ್ದಾಗಿದ್ದೂ ನೆನಪಿದೆ. ಆಮೇಲೆ ಹುಡುಗರೆಲ್ಲ ಬಂದರು, ಯಾರೋ ಸೆರಗು ಎಳೆದರು, ನಾನು ತಿರುಗಿದೆ. ಅಜ್ಜಿ ಚಾಕು ಸಂಚಿಗೆ ಹಾಕಿಕೊಂಡಿದ್ದು ನಾನು ನೋಡಿದೆನಾ?

ಅಜ್ಜಿಯ ಹತ್ತಿರ ಫೋನ್ ಇಲ್ಲ. ಪಕ್ಕದ ಮನೆಯವರ ನಂಬರಿಗೆ ಮಾಡಿದೆ, ಎತ್ತಲಿಲ್ಲ. ಹನ್ನೊಂದಾಗುತ್ತಾ ಬಂತು, ಮಲಗಿರುತ್ತಾರೆ. ರಾತ್ರಿ ಡ್ಯೂಟಿ ಅಣ್ಣನಿಗೆ ಮಾಡಿದೆ. "ಮಲ್ಗವ್ನೆ ಮೇಡಂ, ಚಪ್ಪಲಿ ಮಂಚದ ಕೆಳ್ಗೇ ಐತೆ. ತಡೀರಿ, ದಿಂಬಿನ ಕೆಳ್ಗೆ ನೋಡ್ತೀನಿ" ಅಂದರು. ಎದ್ದು ನಡೆಯುತ್ತಿದ್ದ ಸದ್ದು ಕೇಳಿಸಿತು. ಅದರ ಜೊತೆಗೇ ಝಣ್ ಝಣ್ ಅಂತ ಅವರ ಕೀ ಗೊಂಚಲು. "ಅಣ್ಣ, ಕೀ ಕೈಯಲ್ಲಿ ಹಿಡ್ಕೊಳ್ಳಿ, ಮೊದ್ಲು ಕೀ ಹಿಡ್ಕೊಳ್ಳಿ" ಅಂದೆ. ಅಷ್ಟರಲ್ಲಿ ಫೋನ್ ಕಟ್ ಆಯಿತು. ಮತ್ತೆ ಮಾಡುತ್ತಿದ್ದೇನೆ, ಬಿಜಿ