ಹೌದು, ಒಬ್ಬಳೇ ಹೋಗಿದ್ದೆ

"ಜಪಾನಿಗೆ ಒಬ್ಬಳೇ ಹೋಗಿದ್ದೆಯಂತೆ, ಬೇಸರವಾಗಲಿಲ್ಲವೇ?" ಎಂಬ ಪ್ರಶ್ನೆಗೆ ಬಾಯಲ್ಲಿ ಉತ್ತರಿಸಿ ಸಾಕಾಗಿರುವುದರಿಂದ ಬರೆದೇ ಇಡುತ್ತಿದ್ದೇನೆ: ಆಗಲಿಲ್ಲ.

ಪ್ರಶ್ನೆಗಿಂತ ಅದನ್ನು ಕೇಳುವ ಧಾಟಿಯೇ ನನ್ನನ್ನು ಕೆರಳಿಸುತ್ತದೆ. ಮದುವೆಯೊಂದರ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತಿದ್ದ ದೂರದ ಅತ್ತೆಯೊಬ್ಬರು, "ಅಯ್ಯೋ ಪಾಪ, ಜೊತೆಗೆ ಯಾರೂ ಸಿಗಲಿಲ್ಲವೇನೇ?" ಎಂದು ಮರುಗಿ, ನಾನು ಕಾಯಿಲೆಯಿಂದ ಎದ್ದು ಬಂದವಳೇನೋ ಎಂಬಂತೆ, ಬಡಿಸುವವನನ್ನು ಕರೆದು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು. ಹೋಳಿಗೆಯನ್ನು ನಾನು ಬೇಡವೆನ್ನಲಿಲ್ಲ. ಆ ಕನಿಕರವನ್ನು ಮಾತ್ರ ಒಪ್ಪಲಾರೆ.

ನಾನು ಒಂದು ಇಡೀ ದಿನ ಸುತ್ತಿದ್ದು ಯೊಕೊಹಾಮಾದ ಮಿನಾತೊ ಮಿರಾಯ್ ಎಂಬ ಕಡಲಂಚಿನ ಹೊಸ ಬಡಾವಣೆಯನ್ನು. ಹಡಗು ಕಟ್ಟುವ ಕಾರ್ಖಾನೆಯಿದ್ದ ಜಾಗದಲ್ಲಿ 1983ರಲ್ಲಿ ಇದರ ಕೆಲಸ ಆರಂಭವಾಯಿತು. 296 ಮೀಟರ್ ಎತ್ತರದ ಲ್ಯಾಂಡ್‌ಮಾರ್ಕ್ ಟವರಿನ ಬುಡದಲ್ಲಿ, ಹಿಂದೆ ನೀರು ಬಸಿದು ಹಡಗುಗಳನ್ನು ದುರಸ್ತಿ ಮಾಡುತ್ತಿದ್ದ ಡ್ರೈ ಡಾಕ್ ಒಂದಿದೆ. 1890ರ ದಶಕದ ಅದರ ಕಲ್ಲುಗಳನ್ನು ಬಿಚ್ಚಿ, ಮತ್ತೆ ಜೋಡಿಸಿ ಉಳಿಸಿಕೊಂಡಿದ್ದಾರೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆ ಕಲ್ಲುಗೋಡೆಯ ಸಂದುಗಳನ್ನು ಬೆರಳಿನಿಂದ ಸವರುತ್ತ ನಾನು ಬಹಳ ಹೊತ್ತು ನಿಂತಿದ್ದೆ. ಜೊತೆಗೆ ಯಾರಾದರೂ ಇದ್ದಿದ್ದರೆ, "ಕಲ್ಲು ನೋಡಿದ್ದು ಸಾಕು, ಒಂದು ಫೋಟೊ ತೆಗೆ, ಹೊರಡೋಣ" ಎಂದು ಎಳೆದುಕೊಂಡು ಹೋಗುತ್ತಿದ್ದರು. ಈ ಬಂಧುವರ್ಗವನ್ನು ನಾನು ಬಲ್ಲೆ.

ಬೇಸರದ ವಿಚಾರ ಬಿಟ್ಟು, ಅಲ್ಲಿನ ಜೋಡಿ ಕೆಂಪು ಇಟ್ಟಿಗೆಯ ಉಗ್ರಾಣಗಳಲ್ಲಿ ಒಂದೇಕೆ ಇನ್ನೊಂದರ ಅರ್ಧದಷ್ಟೇ ಉದ್ದವಿದೆ ಎಂದು ಯಾರಾದರೂ ಕೇಳಬಾರದೇ? 1911 ಮತ್ತು 1913ರಲ್ಲಿ ಮುಗಿದ ಆ ಕಟ್ಟಡಗಳಲ್ಲಿ ಎರಡನೆಯದರ ಅರ್ಧ ಭಾಗವನ್ನು 1923ರ ಸೆಪ್ಟೆಂಬರ್ 1ರ ಮಹಾಭೂಕಂಪ ನುಂಗಿತು. ಉಳಿದದ್ದರಲ್ಲಿ ಈಗ ಅಂಗಡಿ, ಹೋಟೆಲುಗಳಿವೆ. ಆ ಭೂಕಂಪದಲ್ಲಿ ಕುಸಿದ ಊರಿನ ಅವಶೇಷಗಳನ್ನೇ ಸಮುದ್ರಕ್ಕೆ ತುಂಬಿ, 1930ರಲ್ಲಿ ಯಮಾಶಿತಾ ಉದ್ಯಾನವನ್ನು ತೆರೆದರು. ಉಗ್ರಾಣಗಳಿಂದ ಅಲ್ಲಿಗೆ ನಡೆದೇ ಹೋಗಬಹುದು, ನಾನು ಹೋದೆ. ಅಲ್ಲೊಂದು ಗುಮ್ಮಟದ ನೀರಿನ ಮಂಟಪವಿದೆ. ಭೂಕಂಪದಲ್ಲಿ ಸಂಕಷ್ಟಕ್ಕೆ ಸಿಲುಕಿದ ಭಾರತೀಯರಿಗೆ ಊರಿನವರು ನೆರವಾದ ಉಪಕಾರವನ್ನು ನೆನೆದು, ಮಡಿದ ತಮ್ಮವರ ಸ್ಮರಣೆಗಾಗಿ, ಅಲ್ಲಿನ ಭಾರತೀಯ ವರ್ತಕರು ಕಟ್ಟಿಸಿಕೊಟ್ಟದ್ದು ಅದು.

ಆ ವರ್ತಕರು ಯಾರು, ಅಷ್ಟು ದೂರ ಹೋಗಿ ಏನು ವ್ಯಾಪಾರ ಮಾಡುತ್ತಿದ್ದರು ಎಂದು ಕೇಳಿ ನೋಡಿ. ರೇಷ್ಮೆಯಿಂದ ಆರಂಭಿಸಿ, ಎಲೆ ಎತ್ತುವವರು ಬಂದು ಎಬ್ಬಿಸುವವರೆಗೂ ಹೇಳುತ್ತೇನೆ.